ಪಿಎಸ್4 ಕೂಗುತ್ತಿದೆಯೇ? ಎಸೆಯುವ ಮುಂಚೆ ಪೇಸ್ಟ್ ಬದಲಿಸಿ

ಬೆಂಗಳೂರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ರಸ್ತೆ ಅಗೆಯುತ್ತಲೇ ಇರುತ್ತಾರೆ. ಆ ಧೂಳು ಕಿಟಕಿಯಿಂದ ಬಂದು ಟಿವಿ ಪಕ್ಕದ ಕನ್ಸೋಲ್ ಹೊಟ್ಟೆ ಸೇರುತ್ತದೆ. ಸೋನಿಯ ಗೇಮ್ ಕನ್ಸೋಲ್ ಪಿಎಸ್4 (ಪ್ಲೇಸ್ಟೇಷನ್ 4) ನಮ್ಮಲ್ಲಿ ಮಾರಾಟಕ್ಕೆ ಬಂದಿದ್ದು 2014ರಲ್ಲಿ. ಆಗ ಕೊಂಡ ಮೊದಲ ಮಾಡೆಲ್‌ಗಳು ಈಗ ಜೋರಾಗಿ ಸದ್ದು ಮಾಡುತ್ತಿವೆ, ಆಟದ ನಡುವೆ ಬಿಸಿಯಾಗಿ ಆಫ್ ಆಗುತ್ತಿವೆ. ‘ಹೋಯ್ತು, ಹೊಸದು ತಗೊಳ್ಳಿ’ ಅಂದರೆ ಒಪ್ಪಬೇಡಿ. ಎಷ್ಟೋ ಸಲ ಧೂಳು ಕಟ್ಟಿರುತ್ತದೆ, ಚಿಪ್ ಮೇಲಿನ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಒಣಗಿರುತ್ತದೆ, ಅಷ್ಟೇ.

1. ಗೇಮ್ ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ.

2. ಸಾಮಾನೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡ್‌ನಲ್ಲಿ ಹುಡುಕಿ. ನಡುವೆ ತೂತಿರುವ ಸೆಕ್ಯುರಿಟಿ ಟಾರ್ಕ್ಸ್ ಬಿಟ್ (ಟಿ8 ಅಥವಾ ಟಿ9), ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, 99% ಐಸೊಪ್ರೊಪೈಲ್ ಆಲ್ಕೊಹಾಲ್, ಒಳ್ಳೆಯ ಪೇಸ್ಟ್. ಹೆಸರೇ ಇಲ್ಲದ ಸ್ಯಾಶೆಯ ಬಿಳಿ ಪೇಸ್ಟ್ ಬೇಡವೇ ಬೇಡ, ಬೇಗ ಒಣಗುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ನೀರು ಜಾಸ್ತಿ.

3. ಹಿಂದಿನ ಸ್ಟಿಕ್ಕರ್‌ಗಳ ಕೆಳಗೂ ಸ್ಕ್ರೂ ಇರುತ್ತವೆ. ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆಯಿರಿ, ಯಾಕಂದ್ರೆ ಸ್ಕ್ರೂಗಳ ಉದ್ದ ಬೇರೆ ಬೇರೆ. ಪವರ್ ಸಪ್ಲೈ ಡಬ್ಬವನ್ನು ನೇರವಾಗಿ ಮೇಲೆತ್ತಿ, ಆದರೆ ಅದರೊಳಗೆ ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಡಿಸ್ಕ್ ಡ್ರೈವ್‌ನ ಚಪ್ಪಟೆ ಕೇಬಲ್ ಎಳೆಯುವ ಮುಂಚೆ ಅದರ ಲಾಕ್ ತೆಗೆಯಿರಿ. ಡ್ರೈವ್ ಕೆಟ್ಟಿದ್ದರೂ ಅದರ ಸಣ್ಣ ಬೋರ್ಡ್ ಇಟ್ಟುಕೊಳ್ಳಿ. ಅದು ನಿಮ್ಮ ಮದರ್‌ಬೋರ್ಡ್ ಜೊತೆ ಜೋಡಿಯಾಗಿರುತ್ತದೆ, ಬೇರೆ ಬೋರ್ಡ್ ಹಾಕಿದರೆ ಡಿಸ್ಕ್ ಓದುವುದಿಲ್ಲ.

4. ಎಲ್ಲರೂ ಎಡವುವುದು ಇಲ್ಲೇ. ಬೋರ್ಡನ್ನು ಒತ್ತಿ ಹಿಡಿದಿರುವ ಎಕ್ಸ್ ಆಕಾರದ ಕ್ಲ್ಯಾಂಪ್ ತೆಗೆದ ಮೇಲೂ ಬೋರ್ಡ್ ಹೀಟ್‌ಸಿಂಕ್‌ಗೆ (ಬಿಸಿ ಹೀರುವ ಲೋಹದ ಭಾಗ) ಅಂಟಿಕೊಂಡಿರುತ್ತದೆ. ಒಣಗಿದ ಪೇಸ್ಟ್ ಬಿಡುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಚಿಪ್ ಮೂಲೆ ಒಡೆಯುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗದು. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಬೋರ್ಡನ್ನು ಆಚೀಚೆ ಸಣ್ಣಗೆ ಅಲುಗಾಡಿಸಿ, ತಾನಾಗಿ ಬಿಡುವವರೆಗೆ ಕಾಯಿರಿ. ಹಳೇ ಪೇಸ್ಟ್ ಮೇಲೆ ಆಲ್ಕೊಹಾಲ್ ಹಚ್ಚಿ, ನೆಂದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಚಿಪ್ ಕನ್ನಡಿ ತರ ಹೊಳೆಯಬೇಕು. ಇದಕ್ಕೆ ಮೇಲೆ ಲೋಹದ ಮುಚ್ಚಳ ಇಲ್ಲ. ಹಾಗಾಗಿ ನಡುವೆ ಒಂದು ಹನಿ ಹಾಕಿ ಬಿಡದೆ, ಹಳೇ ಪ್ಲಾಸ್ಟಿಕ್ ಕಾರ್ಡ್‌ನಿಂದ ನಾಲ್ಕೂ ಮೂಲೆಗೆ ತೆಳುವಾಗಿ ಸವರಿ. ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆ ಪ್ಯಾಡ್ ಹರಿದಿದ್ದರೆ ಅದೇ ದಪ್ಪದ ಪ್ಯಾಡ್ ಹಾಕಿ. ಆ ಜಾಗವನ್ನು ಪೇಸ್ಟ್ ತುಂಬುವುದಿಲ್ಲ. ಕ್ಲ್ಯಾಂಪ್‌ನ ಎರಡೂ ಸ್ಕ್ರೂಗಳನ್ನು ಅರ್ಧರ್ಧ ಸುತ್ತು, ಒಂದಾದ ಮೇಲೊಂದು ಬಿಗಿ ಮಾಡಿ.

ಕೆಲವು ಅಂಗಡಿಗಳಲ್ಲಿ ಬೋರ್ಡ್‌ಗೆ ಹಾಟ್ ಏರ್ ಹೊಡೆದು ‘ಸರಿಯಾಯ್ತು’ ಅಂತಾರೆ. ಕೆಲವು ವಾರ ನಡೆಯುತ್ತದೆ, ಮತ್ತೆ ಅದೇ ಕಥೆ. ದುಡ್ಡು ಕೊಡಬೇಡಿ.

5. ಫ್ಯಾನ್ ಮತ್ತು ಹೀಟ್‌ಸಿಂಕ್‌ನ ಧೂಳನ್ನು ಬ್ರಷ್‌ನಿಂದ ತೆಗೆದು ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಸುಮ್ನೆ ಗಿರಗಿರ ತಿರುಗಲು ಬಿಡಬೇಡಿ.

6. ಕ್ಲ್ಯಾಂಪ್ ಬಿಗಿ ಮಾಡುವ ಮುಂಚೆ, ಬೋರ್ಡ್ ಹೊರಗಿರುವಾಗಲೇ ಕನ್ಸೋಲ್‌ನೊಳಗಿನ ಗಡಿಯಾರದ ನಾಣ್ಯ ಬ್ಯಾಟರಿ ಬದಲಿಸಿ, ಸಿಆರ್2032. ಅದು ಸತ್ತರೆ ಗೇಮ್ ಓಡದೇ ಇರುವ ತೊಂದರೆ ಮೊದಲು ಇತ್ತು. 2021ರಲ್ಲಿ ಬಂದ 9.00 ಸಾಫ್ಟ್‌ವೇರ್ ಅದನ್ನು ಸರಿ ಮಾಡಿತು. ಅಪ್‌ಡೇಟ್ ಮಾಡಿಲ್ಲದಿದ್ದರೆ ಈಗ ಮಾಡಿ.

ಪಿಎಸ್5 ಇದ್ದವರು ಈ ಪೇಸ್ಟ್ ಕೆಲಸಕ್ಕೆ ಇಳಿಯಬೇಡಿ. ಅದರೊಳಗೆ ಪೇಸ್ಟ್ ಬದಲು ದ್ರವ ಲೋಹವಿದೆ, ಹರಿದರೆ ಶಾರ್ಟ್ ಆಗುತ್ತದೆ. ಪಕ್ಕದ ಬಿಳಿ ಕವರ್ ತೆಗೆದರೆ ಧೂಳು ಕೂಡುವ ತೂತುಗಳು ಸಿಗುತ್ತವೆ, ಅಲ್ಲಿ ವ್ಯಾಕ್ಯೂಮ್ ಇಡಿ, ಸಾಕು.

ಮುಚ್ಚಿದ ಟಿವಿ ಶೆಲ್ಫ್ ಒಳಗೆ ವಾಪಸ್ ಇಡಬೇಡಿ. ಹಿಂದೆ ಒಂದು ಗೇಣು ಜಾಗ ಬಿಟ್ಟು, ತೆರೆದ ಟೇಬಲ್ ಮೇಲೆ ಇಟ್ಟು, ಒಂದು ಗಂಟೆ ಭಾರಿ ಗೇಮ್ ಓಡಿಸಿ ನೋಡಿ. ಫ್ಯಾನ್ ಇನ್ನೂ ಅಬ್ಬರಿಸಿದರೆ ಕ್ಲ್ಯಾಂಪ್ ಒಂದು ಕಡೆ ಸಡಿಲ ಇದೆ ಅಂತ ಅನುಮಾನಿಸಿ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.