ಪಾಲೊ ಆಲ್ಟೊದಲ್ಲಿ ಹೊರಗಿನ ಊಟ: ಮೈಸೂರು, ಮಂಡ್ಯ ಕಡೆಯಿಂದ ಬರುವ ಹೊಸಬರಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಅಥವಾ ಸುತ್ತಲಿನ ಕಂಪನಿಗಳಿಗೆ ಕೆಲಸಕ್ಕೆಂದು ಮೈಸೂರು, ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಕಡೆಯಿಂದ ಬರುವವರೆಲ್ಲ ಮೊದಲ ತಿಂಗಳು ಕೇಳುವುದು ಒಂದೇ ಮಾತು: "ಇಲ್ಲಿ ತಿಂಡಿ, ಊಟಕ್ಕೆ ಎಲ್ಲಿಗೆ ಹೋಗೋದು?" ಚುಟುಕಾಗಿ ಹೇಳುವುದಾದರೆ, ಪಾಲೊ ಆಲ್ಟೊದಲ್ಲಿ ಮಧ್ಯಾಹ್ನ ತಿನ್ನಿ. ದೋಸೆ, ಇಡ್ಲಿ ಬೇಕೆನಿಸಿದ ದಿನ ರೈಲು ಹತ್ತಿ ಹತ್ತಿರದ ಊರು ಸನ್ನಿವೇಲ್‌ಗೆ ಹೋಗಿ. ರಾತ್ರಿ ಊಟ ಆದಷ್ಟೂ ಮನೆಯಲ್ಲೇ ಆಗಲಿ. ಯಾಕೆ ಅನ್ನುವುದನ್ನು ಮುಂದೆ ವಿವರವಾಗಿ ಹೇಳುತ್ತೇವೆ. ವಿಮಾನ ಹತ್ತುವ ಮೊದಲೇ ಒಮ್ಮೆ ಓದಿಕೊಂಡರೆ ಒಳ್ಳೆಯದು. ಮೊದಲ ಎರಡು ಮೂರು ವಾರಗಳಲ್ಲೇ ಹುಡುಗರ ಕೈಯಿಂದ ಹೆಚ್ಚು ದುಡ್ಡು ಸೋರಿಹೋಗುವುದು.

ಮೊದಲು ಬಿಲ್ಲು

ಮೆನುವಿನಲ್ಲಿ ಕಾಣುವ ಬೆಲೆ ನೀವು ಕೊಡುವ ಬೆಲೆಯಲ್ಲ. ಮೈಸೂರಿನ ಹೋಟೆಲಿನಲ್ಲಿ ಬೋರ್ಡಿನ ಮೇಲೆ ಬರೆದಷ್ಟು ಕೊಟ್ಟು ಕೈತೊಳೆದು ಹೊರಬರುವ ಅಭ್ಯಾಸ ನಮ್ಮದು. ಇಲ್ಲಿ ಮೆನು ಬೆಲೆಯ ಮೇಲೆ ಮಾರಾಟ ತೆರಿಗೆ ಶೇ. 9ಕ್ಕೂ ಮೇಲೆ ಬೀಳುತ್ತದೆ. ಕೂತು ತಿನ್ನುವ ಜಾಗದಲ್ಲಿ ಬಡಿಸಿದವರಿಗೆ ಟಿಪ್ ಶೇ. 18ರಿಂದ 20. 20 ಡಾಲರಿನ ಊಟ ತಗೊಳ್ಳಿ: ತೆರಿಗೆ ಸುಮಾರು 1.90, ಶೇ. 18ರ ಲೆಕ್ಕದಲ್ಲಿ ಟಿಪ್ 3.60, ಒಟ್ಟು 25.50. ಹಾಗಾಗಿ ಮೆನು ನೋಡುವಾಗಲೇ ಪ್ರತಿ ಬೆಲೆಗೂ ಕಾಲು ಭಾಗ ಸೇರಿಸಿ ಓದಿಕೊಳ್ಳಿ, ಆಮೇಲೆ ಆರ್ಡರ್ ಮಾಡಿ. ಟಿಪ್ಪನ್ನು ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು.

ಟಿಪ್ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವ ಗೊಂದಲ ಎಲ್ಲರಿಗೂ ಇರುತ್ತದೆ. ಮೇಜಿಗೆ ಬಂದು ಆರ್ಡರ್ ತಗೊಂಡು, ಬಡಿಸಿ, ತಟ್ಟೆ ಎತ್ತಿದರೆ ಕೊಡಲೇಬೇಕು. ಅಲ್ಲಿ ಕೊಡದೆ ಎದ್ದು ಬರುವುದು ಇಲ್ಲಿಯವರ ಕಣ್ಣಿಗೆ ಅವಮಾನವೇ. ಕೌಂಟರಿನಲ್ಲಿ ನೀವೇ ನಿಂತು ಕಾಫಿ ತಗೊಂಡಾಗ ಟ್ಯಾಬ್ಲೆಟ್ ತಿರುಗಿಸಿ ಶೇ. 18, 20, 25 ಎಂದು ತೋರಿಸುತ್ತಾರಲ್ಲ, ಅಲ್ಲಿ 'ನೋ ಟಿಪ್' ಒತ್ತಿದರೆ ಯಾರೂ ಏನೂ ಅನ್ನುವುದಿಲ್ಲ. ಹಿಂದೆ ಕ್ಯೂ ನಿಂತಿದೆ ಎಂದು ಗಾಬರಿಯಾಗಿ ನಡುವಿನ ಬಟನ್ ಒತ್ತಬೇಡಿ. ಆರು ಜನಕ್ಕಿಂತ ಹೆಚ್ಚಿದ್ದರೆ ಹಲವು ಕಡೆ ಟಿಪ್ಪನ್ನು ಬಿಲ್ಲಿಗೇ ಸೇರಿಸಿರುತ್ತಾರೆ. 'ಗ್ರಾಚ್ಯುಟಿ' ಅಥವಾ 'ಸರ್ವಿಸ್ ಚಾರ್ಜ್' ಎಂಬ ಸಾಲು ಇದೆಯೇ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈಯಿಂದ ಇಂಥ ಶುಲ್ಕವನ್ನು ಮೆನುವಿನಲ್ಲೇ ಕಣ್ಣಿಗೆ ಕಾಣುವಂತೆ ಬರೆದಿರಬೇಕು. ಸಾಮಾನ್ಯವಾಗಿ ಅದು ಕೆಳಗಡೆ ಇರುತ್ತದೆ. ನೋಡದೆ ಮತ್ತೊಮ್ಮೆ ಶೇ. 18 ಬರೆದರೆ ಎರಡೆರಡು ಸಲ ಕೊಟ್ಟಂತಾಗುತ್ತದೆ.

ಕಾರ್ಡ್ ಕೊಡುವ ಕ್ರಮವೂ ಬೇರೆ. ಕೂತು ತಿನ್ನುವ ಅನೇಕ ಕಡೆ ಕಾರ್ಡನ್ನು ಒಳಗೆ ಒಯ್ದು ಉಜ್ಜಿಕೊಂಡು ಬಂದು ಎರಡು ಚೀಟಿ ಕೊಡುತ್ತಾರೆ. ಒಂದರ ಮೇಲೆ ಟಿಪ್ ಎಷ್ಟು, ಒಟ್ಟು ಎಷ್ಟು ಎಂದು ಬರೆದು ಸಹಿ ಹಾಕಿ ಮೇಜಿನ ಮೇಲೆ ಬಿಡಿ. ಇನ್ನೊಂದು ನಿಮಗೆ. ಫೋನಿಗೆ ತಕ್ಷಣ ಬರುವ ಮೆಸೇಜಿನಲ್ಲಿ ಟಿಪ್ ಇಲ್ಲದ ಮೊತ್ತ ಇರುತ್ತದೆ, ಒಂದೆರಡು ದಿನದಲ್ಲಿ ಟಿಪ್ ಸೇರಿದ ಮೊತ್ತ ಖಾತೆಯಲ್ಲಿ ಕಾಣುತ್ತದೆ. ಇದು ಮೋಸವಲ್ಲ. ಆದರೆ ಒಟ್ಟು ಮೊತ್ತದ ಸಾಲನ್ನು ಖಾಲಿ ಬಿಡಬೇಡಿ. ಗುಂಪಾಗಿ ಹೋದಾಗ ಬಿಲ್ಲು ಬೇರೆ ಬೇರೆ ಬೇಕಿದ್ದರೆ ಆರ್ಡರ್ ಕೊಡುವ ಮೊದಲೇ ಹೇಳಿ. ಊಟ ಮುಗಿದ ಮೇಲೆ ಹೇಳಿದರೆ ಒಬ್ಬರ ಕಾರ್ಡಿನಲ್ಲೇ ಕೊಟ್ಟು ಆಮೇಲೆ ನೀವು ನೀವೇ ಹಂಚಿಕೊಳ್ಳಬೇಕಾಗುತ್ತದೆ.

ನೀರು ಕೇಳುವಾಗ 'ಟ್ಯಾಪ್ ವಾಟರ್' ಎನ್ನಿ. ಅದು ಪುಕ್ಕಟೆ, ಕುಡಿಯಲು ಚೆನ್ನಾಗಿಯೂ ಇದೆ. ಬರೀ 'ವಾಟರ್' ಎಂದರೆ ದುಬಾರಿ ಜಾಗಗಳಲ್ಲಿ ಸೀಸೆ ತಂದು ಮುಚ್ಚಳ ತೆಗೆದುಬಿಡುತ್ತಾರೆ.

ಬೀದಿಗಳು

ಊಟದ ಬೀದಿ ಮುಖ್ಯವಾಗಿ ಎರಡು. ಒಂದು ಯೂನಿವರ್ಸಿಟಿ ಅವೆನ್ಯೂ. ಕ್ಯಾಂಪಸ್ಸಿನ ತಾಳೆಮರಗಳ ಸಾಲಿನಿಂದ ನೇರ ಬಂದು ರೈಲು ನಿಲ್ದಾಣ ದಾಟಿದರೆ ಅದೇ. ಹೊಳೆಯುವ ಜಾಗ, ಬೆಲೆಯೂ ಹಾಗೆಯೇ. ನಮ್ಮ ನಾಲಿಗೆಗೆ ಅಲ್ಲಿ ಬೇಗ ಹೊಂದುವುದು ಒರೆನ್ಸ್ ಹಮ್ಮಸ್: ರುಬ್ಬಿದ ಕಡಲೆ, ಎಳ್ಳಿನ ಸಾಸು, ಬಿಸಿ ಪಿಟಾ ರೊಟ್ಟಿ. ಸಸ್ಯಾಹಾರಿಗಳು ಹೆಚ್ಚು ಪ್ರಶ್ನೆ ಕೇಳದೆ ಹೊಟ್ಟೆ ತುಂಬಿಸಿಕೊಳ್ಳಬಹುದು. ಕೂಪಾ ಕೆಫೆ ವೆನೆಜುವೆಲಾದವರದು, ಅದರ ಒಂದು ಶಾಖೆ ಕ್ಯಾಂಪಸ್ಸಿನಲ್ಲಿ ಗ್ರೀನ್ ಲೈಬ್ರರಿಯ ಪಕ್ಕದಲ್ಲೇ ಇದೆ. ಅಲ್ಲಿನ ಅರೆಪಾ ಅಂದರೆ ಮುಸುಕಿನ ಜೋಳದ ಹಿಟ್ಟಿನ ದಪ್ಪ ರೊಟ್ಟಿಯೊಳಗೆ ಪಲ್ಯ ತುಂಬಿದ್ದು. ಕಪ್ಪು ಬೀನ್ಸ್ ಕಾಳು, ಚೀಸ್ ಇರುವುದನ್ನು ಕೇಳಿ.

ಇನ್ನೊಂದು ಕ್ಯಾಲಿಫೋರ್ನಿಯಾ ಅವೆನ್ಯೂ, ದಕ್ಷಿಣಕ್ಕೆ ಒಂದು ಸ್ಟೇಷನ್ ಆಚೆ. ನಮ್ಮ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳಿಗೆ ಇದೇ ವಾಸಿ. 2020ರಿಂದ ವಾಹನ ಓಡಾಡದ ಬೀದಿ, ಹೊರಗೆ ಬಿಸಿಲಿನಲ್ಲಿ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ. ಜರೀನ್ಸ್ ಇಲ್ಲಿದೆ. ಪಾಕಿಸ್ತಾನಿ, ಉತ್ತರ ಭಾರತದ ಅಡುಗೆ, ಹಲಾಲ್ ಮಾಂಸ. ಮಧ್ಯಾಹ್ನ 12ರಿಂದ 1ರವರೆಗೆ ಬಾಗಿಲಾಚೆಗೂ ಕ್ಯೂ ಇರುತ್ತದೆ, 11.30ಕ್ಕೆ ಹೋಗಿ. ಭಾನುವಾರ ಬೆಳಿಗ್ಗೆ ಇದೇ ಬೀದಿಯಲ್ಲಿ ರೈತರ ಸಂತೆ. ದೇವರಾಜ ಮಾರ್ಕೆಟ್ಟಿನ ಬೆಲೆ ನಿರೀಕ್ಷಿಸಬೇಡಿ, ಆದರೆ ಬೇಸಿಗೆಯಲ್ಲಿ ಹಣ್ಣು ನಿಜಕ್ಕೂ ಚೆನ್ನಾಗಿರುತ್ತವೆ, ಹೋಳು ರುಚಿಗೆ ಕೊಡುತ್ತಾರೆ.

ಕಾರು ತಂದವರು ಗಮನಿಸಿ: ಯೂನಿವರ್ಸಿಟಿ ಅವೆನ್ಯೂ ಸುತ್ತ ವಾರದ ದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ರಸ್ತೆ ಬದಿ ಗಾಡಿ ನಿಲ್ಲಿಸಲು ಎರಡು ಗಂಟೆ ಮಾತ್ರ. ಬೀದಿಗಳನ್ನು ಬಣ್ಣದ ವಲಯಗಳಾಗಿ ಗುರುತಿಸಿದ್ದಾರೆ. ಗಾಡಿಯನ್ನು ಅದೇ ಬಣ್ಣದ ವಲಯದಲ್ಲಿ ಪಕ್ಕದ ಬೀದಿಗೆ ಸರಿಸಿ ನಿಲ್ಲಿಸಿದರೂ ದಂಡ ಬೀಳುತ್ತದೆ.

ಮಧ್ಯಾಹ್ನ 2.30ರಿಂದ 5ರವರೆಗೆ ಹಲವು ಕಡೆ ಅಡುಗೆಮನೆ ಮುಚ್ಚುತ್ತದೆ, ರಾತ್ರಿ 9ರ ಹೊತ್ತಿಗೆ ಆರ್ಡರ್ ನಿಲ್ಲಿಸುವವರೇ ಹೆಚ್ಚು. ಲ್ಯಾಬ್ ಮುಗಿಸಿ 10ಕ್ಕೆ ಹೋದರೆ ಏನೂ ಸಿಗದೆ ಬರ್ಗರ್ ಅಂಗಡಿಯೇ ಗತಿಯಾಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದ ದಿನ ಟೌನ್ ಅಂಡ್ ಕಂಟ್ರಿ ವಿಲೇಜ್ ಎಂಬ ಅಂಗಡಿ ಸಮುಚ್ಚಯದ ಟ್ರೇಡರ್ ಜೋಸ್‌ಗೆ ಹೋಗಿ. ದಿನಸಿ ಅಂಗಡಿಯಿಂದ ತಣ್ಣಗಿನ ಸ್ಯಾಂಡ್‌ವಿಚ್, ಸಲಾಡ್ ಕೊಂಡು ಹೊರಗೆ ಒಯ್ದರೆ ತೆರಿಗೆ ಇಲ್ಲ, ಟಿಪ್ಪಂತೂ ಇಲ್ಲವೇ ಇಲ್ಲ.

ಸಸ್ಯಾಹಾರಿಗಳು ಕೇಳಬೇಕಾದ್ದು

'ವೆಜಿಟೇರಿಯನ್' ಎಂದು ಬರೆದಿದ್ದರೆ ಮೊಟ್ಟೆ ಇರಬಹುದು. 'ವೀಗನ್' ಎಂದಿದ್ದರೆ ಮೊಟ್ಟೆ, ಹಾಲು, ತುಪ್ಪ ಯಾವುದೂ ಇರುವುದಿಲ್ಲ. ಮೊಟ್ಟೆ ತಿನ್ನದವರಿಗೆ ವೀಗನ್ ಗುರುತೇ ಸುರಕ್ಷಿತ. ಕಣ್ಣಿಗೆ ಕಾಣದೆ ಸೇರಿಕೊಳ್ಳುವ ಮಾಂಸವೇ ಇಲ್ಲಿ ದೊಡ್ಡ ತೊಂದರೆ. ಅದು ಎಲ್ಲಿ ಅಡಗಿರುತ್ತದೆ ಎಂದು ತಿಳಿದಿದ್ದರೆ ಅರ್ಧ ಚಿಂತೆ ಕಳೆಯಿತು.

ಮೆಕ್ಸಿಕನ್ ಊಟದಲ್ಲಿ ಮಸೆದ ಬೀನ್ಸ್ ಕಾಳಿಗೆ ಹಂದಿಯ ಕೊಬ್ಬು, ಕೆಂಪು ಅನ್ನಕ್ಕೆ ಕೋಳಿಯ ಸಾರು ಹಾಕುವ ರೂಢಿ ಉಂಟು. ಚಿಪೋಟ್ಲೆ ಎಂಬ ಮೆಕ್ಸಿಕನ್ ಶೈಲಿಯ ಹೋಟೆಲ್ ಸರಣಿಯ ಎರಡು ಬಗೆಯ ಬೀನ್ಸ್ ಕಾಳಿನಲ್ಲೂ ಅನ್ನದಲ್ಲೂ ಮಾಂಸದ ಅಂಶ ಇಲ್ಲ, ಹಾಗಾಗಿ ನಮ್ಮವರು ಅಲ್ಲಿಗೆ ಹೆಚ್ಚು ಹೋಗುತ್ತಾರೆ. ಥಾಯ್ ಅಡುಗೆಯಲ್ಲಿ ಟೋಫು (ಸೋಯಾ ಪನೀರ್) ಕರಿ ಎಂದರೂ ಮೀನಿನ ಸಾಸು ಇರುತ್ತದೆ. ಜಪಾನಿ ಮಿಸೊ ಸೂಪಿನ ಬುಡವೇ ಒಣಮೀನಿನ ತಿಳಿ. ಚೀನೀ ಮಾಪೊ ಟೋಫುವಿನ ಮೇಲೆ ಹಂದಿಯ ಕೈಮಾ. ಸೀಸರ್ ಸಲಾಡಿನ ಸಾಸಿನಲ್ಲಿ ಆಂಚೊವಿ ಮೀನು. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್‌ನ ಆಲೂಗಡ್ಡೆ ಫ್ರೈಸ್‌ನಲ್ಲೂ ದನದ ಮಾಂಸದ ಸುವಾಸನೆ ಸೇರಿಸುತ್ತಾರೆ. ಭಾರತದಲ್ಲಿ ಹಾಗಿಲ್ಲವಾದ್ದರಿಂದ ಹೊಸಬರು ಗೊತ್ತಿಲ್ಲದೆ ತಿನ್ನುತ್ತಾರೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಇದನ್ನು ಎಷ್ಟರ ಮಟ್ಟಿಗೆ ಪಾಲಿಸಬೇಕು ಎನ್ನುವುದು ಅವರವರಿಗೆ ಬಿಟ್ಟದ್ದು.

"ಐ ಆಮ್ ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಸಾಲದು. "ನೋ ಮೀಟ್, ನೋ ಫಿಶ್, ನೋ ಎಗ್. ಈಸ್ ದೇರ್ ಚಿಕನ್ ಬ್ರಾತ್, ಲಾರ್ಡ್ ಆರ್ ಫಿಶ್ ಸಾಸ್ ಇನ್ ಇಟ್?" ಎಂದು ವಸ್ತುಗಳ ಹೆಸರು ಹಿಡಿದೇ ಕೇಳಿ. ಬಡಿಸುವವರು "ಒಳಗೆ ಕೇಳಿ ಬರ್ತೀನಿ" ಎಂದು ಹೋದರೆ ಒಳ್ಳೆಯ ಲಕ್ಷಣ. ಯೋಚಿಸದೆ "ಓಕೆ, ಓಕೆ" ಎಂದರೆ ಬೇರೆ ಏನಾದರೂ ತಗೊಳ್ಳಿ. ಕರಿದ ತಿಂಡಿಗೆ ಒಂದು ಪ್ರಶ್ನೆ ಹೆಚ್ಚು: ಅದೇ ಎಣ್ಣೆಯಲ್ಲಿ ಕೋಳಿಯನ್ನೂ ಕರಿಯುತ್ತಾರೆಯೇ?

ನಿಶ್ಚಿಂತೆಯಿಂದ ತಿನ್ನಲು ಇಥಿಯೋಪಿಯಾದ ಅಡುಗೆಯನ್ನು ಎಲ್ಲ ಹೊಸಬರೂ ಒಮ್ಮೆ ನೋಡಲೇಬೇಕು. ಟೆಫ್ ಎಂಬ ಸಿರಿಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ದ ಇಂಜೆರಾ ನಮ್ಮ ನೀರು ದೋಸೆಗಿಂತ ದಪ್ಪ, ತುಂಬ ಮೆತ್ತಗೆ, ಮೈತುಂಬ ತೂತು. ಅದರ ಮೇಲೆ ಖಾರದ ಬೇಳೆ, ಸೊಪ್ಪು, ಕೋಸಿನ ಪಲ್ಯ ಬಡಿಸಿ ಕೊಡುತ್ತಾರೆ, ಕೈಯಲ್ಲೇ ತಿನ್ನುವುದು. ಅವರ ಉಪವಾಸದ ದಿನಗಳ ಪದ್ಧತಿಯಿಂದ ಬಂದ 'ವೆಜಿ ಕಾಂಬೊ' ಕೇಳಿದರೆ ಬೆಣ್ಣೆಯೂ ಇರುವುದಿಲ್ಲ. ಹೊಸದಾಗಿ ಬಂದ ಮಂಡ್ಯದ ಹುಡುಗರು ಮುದ್ದೆಗೆ ಹಂಬಲಿಸುವ ಹೊತ್ತಿನಲ್ಲಿ ಅದಕ್ಕೆ ಹತ್ತಿರ ಬರುವ ತೃಪ್ತಿ ಇದೊಂದೇ. ಸ್ಯಾನ್ ಹೋಸೆ ಕಡೆ ಸಿಗುತ್ತದೆ.

ಮಾಂಸಾಹಾರಿಗಳಿಗೆ

ದನ, ಹಂದಿ ಬೇಡದವರು ಎಚ್ಚರವಾಗಿರಬೇಕು. ಬರೀ 'ಬರ್ಗರ್' ಎಂದರೆ ದನದ್ದು. 'ಪೆಪ್ಪರೋನಿ' ಹಂದಿ, ದನ ಬೆರೆತದ್ದು. 'ಸಾಸೇಜ್' ಸಾಮಾನ್ಯವಾಗಿ ಹಂದಿ. 'ಚಿಲಿ' ಎಂದು ಬಟ್ಟಲಿನಲ್ಲಿ ಬರುವುದು ಮೆಣಸಿನಕಾಯಿಯಲ್ಲ, ದನದ ಕೈಮಾ ಹಾಕಿದ ಸಾರು. ಸಲಾಡ್, ಬೇಯಿಸಿದ ಆಲೂಗಡ್ಡೆಯ ಮೇಲೆ ಬೇಕನ್ (ಹಂದಿ ಮಾಂಸ) ಚೂರು ಉದುರಿಸುತ್ತಾರೆ, "ನೋ ಬೇಕನ್" ಎಂದು ಮೊದಲೇ ಹೇಳಿ. ಇಲ್ಲಿನ ಕೋಳಿ ಹೆಚ್ಚಾಗಿ ಮೂಳೆಯಿಲ್ಲದ ಎದೆಭಾಗ, ಸಪ್ಪೆ. 'ಬೋನ್ ಇನ್' ಎಂದು ಬರೆದಿರುವುದನ್ನು ಹುಡುಕಿ. ಬನ್ನೂರು ಕುರಿಯ ರುಚಿ ಇಲ್ಲಿ ಸಿಗುವುದಿಲ್ಲ. 'ಲ್ಯಾಂಬ್' ಎಳೆಯ ಕುರಿ, 'ಗೋಟ್' ಆಡು. ಮೂಳೆಸಹಿತ ಆಡಿನ ಮಾಂಸ ಹಲಾಲ್ ಅಂಗಡಿಗಳಲ್ಲೂ ಹೈದರಾಬಾದಿ, ಪಾಕಿಸ್ತಾನಿ ಹೋಟೆಲುಗಳಲ್ಲೂ ಇರುತ್ತದೆ.

ದೋಸೆಗೆ ಸನ್ನಿವೇಲ್

ಪಾಲೊ ಆಲ್ಟೊದಿಂದ ಕ್ಯಾಲ್‌ಟ್ರೇನ್ ಹತ್ತಿ ದಕ್ಷಿಣಕ್ಕೆ ಹೋದರೆ ಕ್ಯಾಲಿಫೋರ್ನಿಯಾ ಅವೆನ್ಯೂ, ಸ್ಯಾನ್ ಆಂಟೋನಿಯೊ, ಮೌಂಟನ್ ವ್ಯೂ, ಆಮೇಲೆ ಸನ್ನಿವೇಲ್. ಇವೆಲ್ಲ ಒಂದೇ ದರದ ವಲಯದಲ್ಲಿವೆ. 2024ರ ಸೆಪ್ಟೆಂಬರಿನಲ್ಲಿ ವಿದ್ಯುತ್ ರೈಲು ಬಂದ ಮೇಲೆ ಶನಿವಾರ, ಭಾನುವಾರವೂ ಅರ್ಧ ಗಂಟೆಗೊಂದು ಗಾಡಿ. ಹತ್ತುವಾಗ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ಕ್ಲಿಪ್ಪರ್ ಕಾರ್ಡ್ (ಇಲ್ಲಿನ ರೈಲು, ಬಸ್ಸಿನ ಪ್ರಯಾಣ ಕಾರ್ಡ್) ತಾಗಿಸಿ, ಇಳಿದ ಮೇಲೂ ತಾಗಿಸಿ. ಇಳಿದಾಗ ಮರೆತರೆ ಹೆಚ್ಚಿನ ದರ ಕಡಿತವಾಗುತ್ತದೆ. ಹೊಸಬರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಸನ್ನಿವೇಲಿನ ನಮ್ಮ ಹೋಟೆಲುಗಳು ನಿಲ್ದಾಣದ ಪಕ್ಕದಲ್ಲಿಲ್ಲ, ಎಲ್ ಕಮಿನೊ ರಿಯಲ್ ರಸ್ತೆಯಲ್ಲಿವೆ. ನಿಧಾನವಾದರೂ ಪರವಾಗಿಲ್ಲ ಎಂದರೆ ಪಾಲೊ ಆಲ್ಟೊ ಟ್ರಾನ್ಸಿಟ್ ಸೆಂಟರಿನಿಂದಲೇ 22ನೇ ನಂಬರ್ ಬಸ್ ಹತ್ತಿ, ಅದೇ ರಸ್ತೆಯಲ್ಲಿ ಹೋಗುತ್ತದೆ.

ಮದ್ರಾಸ್ ಕೆಫೆ, ಕೋಮಲ ವಿಲಾಸ್ ಬಹಳ ಕಾಲದಿಂದ ಹೆಸರಾದವು. ಎರಡೂ ತಮಿಳು ಶೈಲಿಯವು, ಸಾಂಬಾರು ನಮ್ಮದಕ್ಕಿಂತ ತೆಳು, ಬೆಲ್ಲ ಇಲ್ಲ. ದೋಸೆ ದೊಡ್ಡದು, ತೆಳ್ಳಗೆ, ಗರಿ. ಬೆಣ್ಣೆ ಹಾಕಿದ ಮೆತ್ತನೆಯ ಮೈಸೂರು ದೋಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾದೀತು. ಸೆಟ್ ದೋಸೆ ಅಥವಾ ಊತಪ್ಪ ಕೇಳಿ, ಹತ್ತಿರ ಬರುತ್ತದೆ. ಶನಿವಾರ, ಭಾನುವಾರ 11.30ರಿಂದ 1.30ರವರೆಗೆ ನೂಕುನುಗ್ಗಲು. 10.30ಕ್ಕೆ ಮುಟ್ಟಿದರೆ ಹಂಚು ಹದವಾಗಿ ಕಾದಿರುತ್ತದೆ, ಚಟ್ನಿ ಆಗ ತಾನೇ ರುಬ್ಬಿದ್ದು. ಮಸಾಲೆ ದೋಸೆಯನ್ನು ಕಟ್ಟಿಸಿಕೊಂಡು ರೈಲಿನಲ್ಲಿ ತರಬೇಡಿ. ಡಬ್ಬಿಯ ಆವಿಗೆ ಹತ್ತೇ ನಿಮಿಷದಲ್ಲಿ ಮುದುರಿ ಚರ್ಮದಂತಾಗುತ್ತದೆ. ಕಟ್ಟಿಸುವುದಾದರೆ ಇಡ್ಲಿ, ಪೊಂಗಲ್, ಬಿಸಿಬೇಳೆಬಾತು. ಅಲ್ಲಿಗೆ ಹೋದ ದಿನವೇ ಪಕ್ಕದ ಭಾರತೀಯ ದಿನಸಿ ಅಂಗಡಿಯಲ್ಲಿ ರಾಗಿಹಿಟ್ಟು, ದೋಸೆಹಿಟ್ಟು ತಂದುಬಿಡಿ, ಎರಡು ಕೆಲಸ ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ.

ಅಪ್ಪ ಅಮ್ಮ ಬಂದಾಗ

ಊರಿಂದ ಬಂದ ಹಿರಿಯರನ್ನು ಮೊದಲ ವಾರವೇ ಯೂನಿವರ್ಸಿಟಿ ಅವೆನ್ಯೂವಿನ ಮಬ್ಬು ಬೆಳಕಿನ ಜಾಗಕ್ಕೆ ಕರೆದೊಯ್ಯಬೇಡಿ. ಒಂದು ತಟ್ಟೆಗೆ 30 ಡಾಲರ್ ಎಂದು ಕಂಡರೆ ಗಂಟಲಿನಲ್ಲಿ ತುತ್ತು ಇಳಿಯುವುದಿಲ್ಲ. ಮೌಂಟನ್ ವ್ಯೂನ ಕ್ಯಾಸ್ಟ್ರೊ ಸ್ಟ್ರೀಟ್ ಒಳ್ಳೆಯದು: ನಿಲ್ದಾಣದ ಎದುರೇ, ವಾಹನವಿಲ್ಲದ ಬೀದಿ, ನಡೆದಾಡುತ್ತ ಮೆನು ನೋಡಿ ಆರಿಸಬಹುದು. ಸಂಜೆ 5.30ಕ್ಕೆ ಹೋದರೆ ಮೇಜು ಸಿಗುತ್ತದೆ, ಗದ್ದಲವೂ ಕಡಿಮೆ. ಬೇಸಿಗೆಯಲ್ಲೂ ಸೂರ್ಯ ಇಳಿದ ಕೂಡಲೇ ಚಳಿ ಹತ್ತುತ್ತದೆ, ಸ್ವೆಟರ್ ಜೊತೆಗಿರಲಿ. ನೀರು ಐಸು ತುಂಬಿಯೇ ಬರುವುದರಿಂದ "ನೋ ಐಸ್" ಅಥವಾ "ಹಾಟ್ ವಾಟರ್" ಎಂದು ಕೇಳಿ, ದುಡ್ಡಿಲ್ಲದೆ ಕೊಡುತ್ತಾರೆ. ಪ್ರಮಾಣ ದೊಡ್ಡದು, ಇಬ್ಬರಿಗೆ ಒಂದು ತಟ್ಟೆ ಸಾಕು. ಬೈ-ಟೂ ಇಲ್ಲೂ ನಡೆಯುತ್ತದೆ, ಕೆಲವು ಕಡೆ ಮಾತ್ರ ತಟ್ಟೆ ಹಂಚಿದ್ದಕ್ಕೆ ಶುಲ್ಕ ಹಾಕುತ್ತಾರೆ. ಉಳಿದದ್ದಕ್ಕೆ "ಬಾಕ್ಸ್ ಪ್ಲೀಸ್" ಎನ್ನಲು ಸಂಕೋಚ ಬೇಡ, ಇಲ್ಲಿ ಎಲ್ಲರೂ ಒಯ್ಯುತ್ತಾರೆ.

ಮನೆಗೆ ತರಿಸುವುದು

ಆ್ಯಪ್‌ಗಳಲ್ಲಿ ತರಿಸಿದರೆ ಮೆನು ಬೆಲೆಯೇ ಹೆಚ್ಚಾಗಿರುತ್ತದೆ, ಅದರ ಮೇಲೆ ಸೇವಾ ಶುಲ್ಕ, ತಂದುಕೊಡುವ ಶುಲ್ಕ, ತೆರಿಗೆ, ಟಿಪ್. 15 ಡಾಲರಿನ ಅನ್ನ, ಕರಿ ಸುಲಭವಾಗಿ 25 ದಾಟುತ್ತದೆ. ಹೋಟೆಲಿಗೇ ಫೋನ್ ಮಾಡಿ ಹೇಳಿ, ನೀವೇ ಹೋಗಿ ತಗೊಳ್ಳಿ. ಚಮಚ, ಸಾಸಿನ ಪೊಟ್ಟಣಗಳನ್ನು ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಕೇಳಿದರೆ ಮಾತ್ರ ಕೊಡಬೇಕು. ಲ್ಯಾಬಿನಲ್ಲಿ ತಿನ್ನುವುದಾದರೆ ಆರ್ಡರ್ ಕೊಡುವಾಗಲೇ ಕೇಳಿಕೊಳ್ಳಿ, ಇಲ್ಲವೇ ಒಂದು ಸ್ಟೀಲ್ ಚಮಚ ಬ್ಯಾಗಿನಲ್ಲಿರಲಿ.