ಕಾಲೇಜಿಗೆ ಮುಂಚೆ ಆರು ವಾರ: ನನ್ನ ಅನುಭವ

ಹೋದ ತಿಂಗಳು ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಸರ್, ಡೈ ಸೆಕ್ಷನ್ ಪೂರ್ತಿ ನನಗೇ ಒಪ್ಪಿಸಿದ್ದಾರೆ" ಅಂದ. ಆರು ವರ್ಷದ ಹಿಂದೆ ಇದೇ ಹುಡುಗ ಕಾಲೇಜಿಗೆ ಸೇರದೆ ಟೂಲ್‌ರೂಮ್ (ಕಾರ್ಖಾನೆಗೆ ಬೇಕಾದ ಉಪಕರಣ, ಡೈ ಅಂದರೆ ಅಚ್ಚುಗಳನ್ನು ಮಾಡುವ ಜಾಗ) ಸೇರಿದಾಗ, ಒಳ್ಳೇ ಹುಡುಗನನ್ನು ಹಾಳು ಮಾಡಿದಿರಿ ಅಂತ ಇಡೀ ಸ್ಟಾಫ್‌ರೂಮ್ ನನ್ನ ಮೇಲೆ ಮುಗಿಬಿದ್ದಿತ್ತು. ಕಾಲೇಜು ಬೇಕೋ ಬೇಡವೋ ಅಂತ ತೀರ್ಮಾನಿಸುವ ಮುಂಚೆ ನಾನು ಮಕ್ಕಳಿಗೆ ಮಾಡಿಸುವ ಆರು ವಾರದ ಪರೀಕ್ಷೆಯ ಬಗ್ಗೆ ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯ ಕೊನೆ ವರ್ಷದ ಮಕ್ಕಳಿಗೆ ದಾರಿ ತೋರಿಸುವ ಕೆಲಸ ನೀವೂ ಮಾಡುತ್ತಿದ್ದರೆ ಯಾವ ಕೆಲಸಕ್ಕೆ ಹೊಂದುತ್ತಾರೆ ಅಂತ ನೋಡುವ ಆಪ್ಟಿಟ್ಯೂಡ್ ಟೆಸ್ಟ್ ಎಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮೊದಲು ನಾನು ಕೆಡಿಸಿದ್ದನ್ನು ಹೇಳುತ್ತೇನೆ. ಶುರುವಿನ ಐದಾರು ವರ್ಷ ಎಲ್ಲರನ್ನೂ ಕಾಲೇಜಿಗೆ ತಳ್ಳಿದೆ. ಸೇರಿದವರೆಷ್ಟು ಅಂತ ಎಲ್ಲರೂ ಕೇಳುತ್ತಿದ್ದರು, ಮುಗಿಸಿದವರೆಷ್ಟು ಅಂತ ಯಾರೂ ಕೇಳಲಿಲ್ಲ. ಒಂದು ರಜೆಯಲ್ಲಿ ನಾನೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಸುಮಾರು 60 ಮಕ್ಕಳಲ್ಲಿ ಹದಿನೇಳೋ ಹದಿನೆಂಟೋ ಮಂದಿ ನಡುವೆಯೇ ಬಿಟ್ಟಿದ್ದರು. ಅವರ ಪಾಡು ಎಲ್ಲಕ್ಕಿಂತ ಕಷ್ಟ. ಡಿಗ್ರಿ ಕೈಗೆ ಬಂದಿಲ್ಲ, ಸಾಲ ಮಾತ್ರ ತಲೆ ಮೇಲಿದೆ. ಅರ್ಧ ಓದಿದವನಿಗೆ ಅರ್ಧ ಡಿಗ್ರಿಯ ಸಂಬಳ ಅಂತ ಯಾರೂ ಕೊಡುವುದಿಲ್ಲ ಅಲ್ವಾ?

ಅದನ್ನು ನೋಡಿ ಇನ್ನೊಂದು ತುದಿಗೆ ಹೋದೆ. ಗಣಿತದಲ್ಲಿ ತುಂಬಾ ಚುರುಕಾಗಿದ್ದ ಹುಡುಗಿಗೆ, ಡಿಗ್ರಿ ಬೇಡ, ಕೋಡಿಂಗ್ ಕಲಿತು ಸೀದಾ ಕೆಲಸಕ್ಕೆ ಸೇರು ಅಂದೆ. ಚೆನ್ನಾಗಿಯೇ ಕಲಿತಳು. ಆದರೆ ಅವಳು ಹಾಕಿದ ಅರ್ಜಿಗಳನ್ನು ಯಾರೂ ಓದಲೇ ಇಲ್ಲ, ಡಿಗ್ರಿ ಇಲ್ಲ ಅಂತ ಪಕ್ಕಕ್ಕಿಟ್ಟರು. ಎರಡು ವರ್ಷ ಹೋಯಿತು. ಆ ತಪ್ಪು ಪೂರ್ತಿ ನನ್ನದು, ಇವತ್ತಿಗೂ ಚುಚ್ಚುತ್ತದೆ. ಒಳಗಿನ ಸಾಮರ್ಥ್ಯ ಕಾಣದ ಕಡೆ ಡಿಗ್ರಿ ಒಂದು ಗುರುತಿನ ಹಾಗೆ ಕೆಲಸ ಮಾಡುತ್ತದೆ ಅಂತ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲೇ ಬರೆದಿದ್ದರು. ನಾನು ಓದಿಯೂ ಇದ್ದೆ. ಅರ್ಥವಾದದ್ದು ಮಾತ್ರ ಇವಳ ವಿಷಯದಲ್ಲಿ.

ಅಲ್ಲಿಂದ ನನ್ನ ಮೊದಲ ಪ್ರಶ್ನೆ ಬದಲಾಯಿತು. ಈ ಕೆಲಸ ಬರುತ್ತೋ ಇಲ್ಲವೋ ಅಂತ ಒಂದು ದಿನದಲ್ಲಿ ಮಾಡಿ ತೋರಿಸಬಹುದಾ? ಆಗುತ್ತದೆ ಅಂದರೆ ಡಿಗ್ರಿ ಇಲ್ಲದೆಯೂ ಬಾಗಿಲು ತೆರೆಯುತ್ತದೆ. ಡಾಕ್ಟರ್, ವಕೀಲರ ಮಾತೇ ಬೇರೆ, ಅಲ್ಲಿ ಕಾಲೇಜು ಬೇಕೇ ಬೇಕು.

ಜರ್ಮನಿಯ ಅಪ್ರೆಂಟಿಸ್‌ಗಳು ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಒಂದೆರಡು ದಿನ ಶಾಲೆಯಲ್ಲಿ ಕಳೆಯುತ್ತಾರೆ. ಸಾಮಾನ್ಯವಾಗಿ 2ರಿಂದ 3.5 ವರ್ಷ. ನಾನು ಅದನ್ನು ಆರು ವಾರಕ್ಕೆ ಇಳಿಸಿದೆ. ಮೂರು ದಿನ ನಿಜವಾದ ಕೆಲಸದ ಜಾಗ. ಎರಡು ದಿನ ಮೇಜಿನ ಮುಂದೆ, ಸೇರಬೇಕೆಂದಿರುವ ಕೋರ್ಸಿನ ಎರಡನೇ ವರ್ಷದ ಪುಸ್ತಕ. ಮೊದಲು ಮೊದಲ ವರ್ಷದ್ದೇ ಕೊಡುತ್ತಿದ್ದೆ. ಅದರಲ್ಲಿ ಶಾಲೆಯ ಪಾಠವೇ ಜಾಸ್ತಿ ಇರುತ್ತದೆ, ಎಲ್ಲರಿಗೂ ಸುಲಭ ಅನ್ನಿಸಿ ನಾನು ಮೋಸ ಹೋದೆ.

ಟೂಲ್‌ರೂಮ್ ಹುಡುಗನಿಗೆ ಮೊದಲ ವಾರ ಒಂದು ಕಬ್ಬಿಣದ ತುಂಡು ವೈಸಿಗೆ (ತುಂಡನ್ನು ಬಿಗಿಯಾಗಿ ಹಿಡಿಯುವ ಉಪಕರಣ) ಕಚ್ಚಿಸಿ, ಅರದಿಂದ ಉಜ್ಜಿ ಚೌಕ ಮಾಡು ಅಂದಿದ್ದರು. ಮೂಲೆ ನೇರವಾಗಿದೆಯಾ ಅಂತ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು. ಮತ್ತೆ ಉಜ್ಜಿದ. ಈ ಸಲ ಇನ್ನೊಂದು ಮೂಲೆಯಲ್ಲಿ ಬೆಳಕು. ಮೂರನೇ ದಿನ ನಾನು ಹೋದಾಗ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಊಟದ ಗಂಟೆ ಹೊಡೆದದ್ದು ಅವನಿಗೆ ಕೇಳಿರಲೇ ಇಲ್ಲ. ಅದೇ ಹುಡುಗ ಪುಸ್ತಕದ ಮುಂದೆ ಇಪ್ಪತ್ತು ನಿಮಿಷಕ್ಕೆ ಎದ್ದು ಓಡಾಡುತ್ತಿದ್ದ. ಕೆಲಸದ ಜಾಗದ ಮೇಸ್ತ್ರಿಗೆ ನಾನು ಕೊನೆ ದಿನ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಕ್ಕಳಿಗೆ ಗೊತ್ತಾದರೆ ಅದು ಕೆಲಸ ಮಾಡುವುದಿಲ್ಲ.

ದುಡ್ಡಿನ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಬರೆಸುತ್ತೇನೆ. ಮನೆಯವರು ಫೀಸು ಮಾತ್ರ ಎಣಿಸುತ್ತಾರೆ. ಆ ವರ್ಷಗಳಲ್ಲಿ ಬರಬಹುದಾಗಿದ್ದ ಸಂಬಳವನ್ನೂ ಸೇರಿಸಬೇಕು. ಈ ಹುಡುಗನ ಲೆಕ್ಕದಲ್ಲಿ ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ ಅದೇ ಇತ್ತು. ಮೇಲೆ ಬಡ್ಡಿ. ಶೇ. 10ರ ಚಕ್ರಬಡ್ಡಿಯಲ್ಲಿ 100 ಸಾಲ ಮಾಡಿ ಏನೂ ಕಟ್ಟದಿದ್ದರೆ ನಾಲ್ಕು ವರ್ಷಕ್ಕೆ 146, ಏಳು ವರ್ಷ ದಾಟಿದರೆ ದುಪ್ಪಟ್ಟು. ನಾನು ಹೇಳಿದರೆ ಕಿವಿಗೆ ಹೋಗದ ಮಾತು, ಅವರೇ ಬರೆದಾಗ ಹೋಗುತ್ತದೆ.

ಒಂದು ಸಲ ಸುಮ್ನೆ ನೋಡೋಣ ಅಂತ, ಆರು ವಾರಕ್ಕೆ ಮುಂಚೆಯೇ ಮಗು ಯಾವ ದಾರಿ ಹಿಡಿಯಬಹುದು ಅಂತ ಅಪ್ಪ ಅಮ್ಮನ ಊಹೆ ಬರೆಸಿ ಕವರಿನಲ್ಲಿ ಮುಚ್ಚಿಟ್ಟೆ. ಆ ವರ್ಷ ಹನ್ನೆರಡು ಮಕ್ಕಳು. ಐದೋ ಆರೋ ಊಹೆ ಮಾತ್ರ ಸರಿಯಾಯಿತು. ಅಮ್ಮಂದಿರು ಸ್ವಲ್ಪ ಹತ್ತಿರ ಬಂದಿದ್ದರು.

ಈ ದಾರಿಯಲ್ಲಿ ಇಲ್ಲಿಯವರೆಗೆ ಎಪ್ಪತ್ತರ ಹತ್ತಿರ ಮಕ್ಕಳು ಹೋಗಿದ್ದಾರೆ. ಮೂರರಲ್ಲಿ ಎರಡು ಪಾಲು ಕಾಲೇಜಿಗೇ ಸೇರಿದರು. ನಡುವೆ ಬಿಟ್ಟವರು ನಾಲ್ಕೇ ಜನ. ಇದು ನನಗೆ ಸಿಕ್ಕ ದೊಡ್ಡ ಗೆಲುವು, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗಣಿತದ ಹುಡುಗಿಯೂ ತಡವಾಗಿ ಸೇರಿ ಡಿಗ್ರಿ ಮುಗಿಸಿದಳು.

ಟೂಲ್‌ರೂಮ್ ಹುಡುಗ ಅವತ್ತು ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದ. ಸಂಜೆ ಕಾಲೇಜಿಗೆ ಹೆಸರು ಕೊಟ್ಟಿದ್ದಾನಂತೆ. ಹಾರ್ಡನಿಂಗ್ (ಕಾಯಿಸಿ ತಣಿಸಿ ಗಟ್ಟಿಮಾಡುವುದು) ಮಾಡುವಾಗ ಕೆಲವು ಡೈ ಮಾತ್ರ ಯಾಕೆ ಬಿರುಕು ಬಿಡುತ್ತವೆ ಅಂತ ಅವನಿಗೆ ತಿಳಿಯಬೇಕಂತೆ. ಫೀಸು ಅವನದೇ ಸಂಬಳದಲ್ಲಿ.