ಸದಸ್ಯರ ಫೈಲು ಮೊದಲು, ವೇದಿಕೆ ಆಮೇಲೆ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಸರ್ಕಾರಿ ನೌಕರರ ಸಂಘದಲ್ಲಿ ಮೊದಲು ನಿರ್ದೇಶಕನಾಗಿದ್ದೆ, ಆಮೇಲೆ ಪದಾಧಿಕಾರಿಯಾದೆ. ಸಂಘ ಅಂದರೆ ಹೊಸ ಸಾಹೇಬರಿಗೆ ಹಾರ ಹಾಕೋದು, ಡೈರಿ ಬಿಡುಗಡೆ ಮಾಡೋದು, ಕ್ರೀಡಾಕೂಟ ನಡೆಸೋದು ಅಂತ ತುಂಬಾ ಜನ ತಿಳಿದಿದ್ದಾರೆ. ಅವೂ ಇರಲಿ, ಬೇಡ ಅನ್ನಲ್ಲ. ಆದರೆ ಸದಸ್ಯರು ವಂತಿಗೆ ಕೊಡೋದು ಅದಕ್ಕಲ್ಲ. ನೋಟಿಸ್ ಬಂದ ದಿನ, ಸಂಬಳ ನಿಂತ ದಿನ ತಮ್ಮ ಪಕ್ಕದಲ್ಲಿ ಒಬ್ಬರು ನಿಲ್ಲಲಿ ಅಂತ ಕೊಡುತ್ತಾರೆ. ಹಾಗೆ ನಿಲ್ಲಬೇಕು ಅಂದರೆ ಅವರ ಫೈಲು ನಮಗೆ ಬಾಯಿಪಾಠ ಇರಬೇಕು. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ದೊಡ್ಡ ಹೋರಾಟಗಳು ಬೇಡವಾ? ಬೇಕು. 2023ರ ಮಾರ್ಚ್ 1ರಂದು ನಾವು ನೌಕರರು ಮುಷ್ಕರ ಹೂಡಿ ರಾಜ್ಯದ ತುಂಬ ಕಚೇರಿಗಳ ಬಾಗಿಲು ಮುಚ್ಚಿದ್ದಕ್ಕೇ ಅವತ್ತೇ ಶೇ 17ರ ಮಧ್ಯಂತರ ಪರಿಹಾರದ ಆದೇಶ ಹೊರಬಿತ್ತು. ಮುಂದೆ 7ನೇ ವೇತನ ಆಯೋಗದ ಹೊಸ ಸಂಬಳ 2024ರ ಆಗಸ್ಟ್ 1ರಿಂದ ಕೈಗೆ ಬಂತು. ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಬೆಂಗಳೂರಲ್ಲಿ ಗೆದ್ದದ್ದು ಸರಿ. ಆದರೆ ಆ ಗೆಲುವು ಒಬ್ಬೊಬ್ಬ ನೌಕರನ ಜೇಬಿಗೆ ಇಳಿಯೋದು ಇಲ್ಲಿ, ನಮ್ಮ ತಾಲ್ಲೂಕಿನ ಟೇಬಲ್ಲಿನ ಮೇಲೆ.

ವೇತನ ನಿಗದಿ ಮಾಡುವಾಗ ನಮ್ಮ ಕಚೇರಿಯ ಒಬ್ಬ ಜವಾನರ ಸೇವಾ ಪುಸ್ತಕ, ಅಂದರೆ ನೌಕರಿಯ ಪೂರ್ತಿ ದಾಖಲೆ, ತೆಗೆದು ನೋಡಿದೆ. ವಾರ್ಷಿಕ ವೇತನ ಬಡ್ತಿಯ ನಮೂದು ಪ್ರತಿ ವರ್ಷವೂ ಇತ್ತು. ಒಂದು ವರ್ಷದ ಸಾಲಿನ ಎದುರು ಮಾತ್ರ ಅಧಿಕಾರಿಯ ಸಹಿ ಇರಲಿಲ್ಲ, ಸೀಲು ಅಷ್ಟೇ ಇತ್ತು. ಅದೇ ಪುಟದ ಕೆಳಗೆ 10 ವರ್ಷದ ಕಾಲಬದ್ಧ ಬಡ್ತಿ ಬರೆದಿತ್ತು. 15 ವರ್ಷದ ಸ್ವಯಂಚಾಲಿತ ವಿಶೇಷ ಬಡ್ತಿ ಎಲ್ಲೂ ಇಲ್ಲ. ಅವರ ಸೇವೆ ಆಗಲೇ 15 ದಾಟಿ ಮುಂದೆ ಹೋಗಿತ್ತು. "ಯಾರೂ ಹೇಳಲಿಲ್ರಿ ಸರ, ತಾನಾಗೇ ಬರ್ತದ ಅಂತ ತಿಳಕೊಂಡಿದ್ದೆ" ಅಂದರು. ಹೆಸರಿಗೆ ಸ್ವಯಂಚಾಲಿತ. ಆದರೆ ಪ್ರಸ್ತಾವನೆ ಬರೆಯೋರು ಒಬ್ಬರು ಬೇಕು, ಆದೇಶ ಮಾಡೋರು ಒಬ್ಬರು ಬೇಕು. ಅರ್ಜಿ ಬರೆದು, ಸೇವಾ ಪುಸ್ತಕದ ಪುಟಗಳ ಜೆರಾಕ್ಸ್ ಲಗತ್ತಿಸಿ, ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಆ ಸ್ವೀಕೃತಿಯ ಸೀಲು, ದಿನಾಂಕ ಬಹಳ ಮುಖ್ಯ. ಬಾಯಲ್ಲಿ ಹೇಳಿದ್ದು ಸಾಹೇಬರ ವರ್ಗಾವಣೆಯ ಜೊತೆಗೇ ಹೋಗಿಬಿಡುತ್ತದೆ. ಬಡ್ತಿಯ ಆದೇಶ ಆಯಿತು, ಹಿಂಬಾಕಿಯೂ ಬಂತು.

ಅಮಾನತಿನ ವಿಷಯಕ್ಕೆ ಬರುತ್ತೇನೆ. ಸದಸ್ಯರು ನಿಜಕ್ಕೂ ಒಂಟಿಯಾಗೋದು ಆಗಲೇ.

ಒಬ್ಬರು ದ್ವಿತೀಯ ದರ್ಜೆ ಸಹಾಯಕಿ. ಕಚೇರಿಯ ಒಂದು ವಹಿ ಕಾಣೆಯಾಗಿತ್ತು, ಹೊಣೆ ಅವರ ಮೇಲೆ ಬಂದು ಅಮಾನತಾಯಿತು. ಆದೇಶ ಹಿಡಿದುಕೊಂಡು ಸಂಜೆ ನಮ್ಮ ಮನೆಗೆ ಬಂದರು. "ಅಣ್ಣಾರ, ನಾ ಇನ್ನ ಊರಾಗ ಹೆಂಗ ಮುಖ ತೋರಸ್ಲಿ?" ಅಂತ ಅತ್ತರು. ಚಹಾ ಕೊಟ್ಟು, ಪೂರ್ತಿ ಮಾತಾಡೋವರೆಗೂ ಸುಮ್ನೆ ಕೇಳಿದೆ. ಇಂಥ ಹೊತ್ತಲ್ಲಿ ನಾವು ಕಾನೂನು ಒದರಬಾರದು. ಆಮೇಲೆ ಆದೇಶ ಓದಿದೆವು. ಅಮಾನತು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವ ತನಕದ ಕ್ರಮ ಅಂತ ಬಿಡಿಸಿ ಹೇಳಿದೆ. ಜೀವನಾಧಾರ ಭತ್ಯೆ ಬರುತ್ತದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಬೇರೆ ಯಾವ ಉದ್ಯೋಗದಲ್ಲೂ ಇಲ್ಲ ಅಂತ ದೃಢೀಕರಣ ಬರೆದುಕೊಡಬೇಕು, ಕೊಡದಿದ್ದರೆ ಭತ್ಯೆ ನಿಲ್ಲುತ್ತದೆ. ಆ ನಮೂನೆಯನ್ನು ಅವತ್ತೇ ಟೈಪ್ ಮಾಡಿಸಿ ಪ್ರತಿಗಳನ್ನು ಕೊಟ್ಟೆ. ಮನೆಗೆ ದುಡ್ಡು ಬರುತ್ತದೆ ಅಂತ ಗೊತ್ತಾದ ಮೇಲೆ ಮನುಷ್ಯ ನೆಟ್ಟಗೆ ಕೂತು ಯೋಚನೆ ಮಾಡುತ್ತಾನೆ. ಮೊದಲು ಅದು, ಆಮೇಲೆ ವಾದ.

ದೋಷಾರೋಪಣಾ ಪಟ್ಟಿ ಬರಲು ತಡವಾಯಿತು. ಆರೋಪ ಪಟ್ಟಿ ಕೊಡದೆ ಮೂರು ತಿಂಗಳಿಗಿಂತ ಜಾಸ್ತಿ ಅಮಾನತಿನಲ್ಲಿ ಇಡಬಾರದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ ಮನವಿ ಕೊಟ್ಟೆವು. ಜಗಳದ ಧಾಟಿ ಇಲ್ಲ, ಒಂದೇ ಪುಟ. ಮೇಲಧಿಕಾರಿಗಳು ಎರಡನೇ ಪುಟ ಓದುವುದು ಕಡಿಮೆ.

ವಿಚಾರಣೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ನಡೆಯುತ್ತದೆ. ಆಪಾದಿತ ನೌಕರರು ಇನ್ನೊಬ್ಬ ನೌಕರರ ನೆರವು ತೆಗೆದುಕೊಳ್ಳಬಹುದು. ತುಂಬಾ ಸದಸ್ಯರಿಗೆ ಇದು ಗೊತ್ತಿಲ್ಲ, ವಕೀಲರ ಫೀಸಿಗೆ ಹೆದರಿ ಒಬ್ಬರೇ ಹೋಗಿ ಕೈಮುಗಿದು ತಪ್ಪೊಪ್ಪಿಕೊಂಡು ಬರುತ್ತಾರೆ. ಇವರಿಗೆ ಡಿಫೆನ್ಸ್ ಅಸಿಸ್ಟಂಟ್ ಆಗಿ ನಾನು ಕೂತೆ. ಮೊದಲ ದಿನವೇ ದಾಖಲೆಗಳ ಪರಿಶೀಲನೆಗೆ ಅವಕಾಶ ಕೇಳಿದೆವು. ಅವುಗಳಲ್ಲಿ ಪ್ರಭಾರ ಪಟ್ಟಿ ಸಿಕ್ಕಿತು, ಅಂದರೆ ಹಿಂದಿನವರು ಇವರಿಗೆ ಚಾರ್ಜು ಕೊಟ್ಟಾಗ ಬರೆದ ಪಟ್ಟಿ. ನೀಲಿ ಇಂಕಿನಲ್ಲಿ ಬರೆದ ಕ್ರಮಸಂಖ್ಯೆಗಳು, ಪ್ರತಿ ಪುಟದ ಅಡಿಯಲ್ಲಿ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ಬೆರಳಿಟ್ಟು ಸಾಲು ಸಾಲು ಓದಿದೆವು. ಕಾಣೆಯಾದ ವಹಿ ಆ ಪಟ್ಟಿಯಲ್ಲೇ ಇರಲಿಲ್ಲ!

ಪಾಟೀ ಸವಾಲಿನ ದಿನ ಸಾಕ್ಷಿಗೆ ನಾನು ಜಾಸ್ತಿ ಏನೂ ಕೇಳಲಿಲ್ಲ. "ಈ ವಹಿಯನ್ನು ಇವರ ವಶಕ್ಕೆ ಕೊಟ್ಟಿದ್ದಕ್ಕೆ ಸಹಿ ಎಲ್ಲಿದೆ ತೋರಿಸ್ರಿ" ಅಂದೆ. ಅವರು ಪಟ್ಟಿ ತಿರುವಿ ಹಾಕಿದರು, ವಿಚಾರಣಾಧಿಕಾರಿಗಳೂ ತಿರುವಿದರು. ಸಹಿ ಇಲ್ಲ ಅಂತ ಹೇಳಿಕೆಯಲ್ಲಿ ದಾಖಲಾಯಿತು. ಆರೋಪ ಸಾಬೀತಾಗಲಿಲ್ಲ. ಅಮಾನತಿನ ಅವಧಿಯನ್ನು ಕರ್ತವ್ಯ ಅಂತ ಪರಿಗಣಿಸಲು ಮತ್ತೆ ಬೇರೆ ಅರ್ಜಿ ಹಾಕಬೇಕಾಯಿತು. ಅದೂ ಆಯಿತು. ಇಲ್ಲಿ ಬಿಟ್ಟುಬಿಡೋರು ಬಹಳ. ಕೆಲಸಕ್ಕೆ ವಾಪಸ್ ತಗೊಂಡರಲ್ಲ, ಸಾಕು ಅಂತಾರೆ. ಆ ಅವಧಿ ಇತ್ಯರ್ಥ ಆಗದೆ ಉಳಿದರೆ ಬಡ್ತಿಗೂ ನಿವೃತ್ತಿಗೂ ಅಡ್ಡ ಬರುತ್ತದೆ.

ಎಲ್ಲ ಪ್ರಕರಣವೂ ಹೀಗೆ ಸ್ವಚ್ಛ ಇರಲ್ಲ. ಒಬ್ಬರು ವಸೂಲಿಯ ಹಣವನ್ನು ತಡವಾಗಿ ಕಟ್ಟಿದ್ದರು, ನಡುವೆ ಮನೆಗೆ ಬಳಸಿಕೊಂಡಿದ್ದರು. ನನ್ನ ಹತ್ತಿರ ಒಪ್ಪಿಕೊಂಡರು. ನಾನು ನೇರವಾಗಿ ಹೇಳಿದೆ: ನಿಮ್ಮ ಸಲುವಾಗಿ ಸುಳ್ಳು ಬರೆಯೋದಿಲ್ಲ, ಆದರೆ ನಿಮ್ಮನ್ನು ಒಬ್ಬರೇ ಬಿಡೋದೂ ಇಲ್ಲ. ಉತ್ತರದಲ್ಲಿ ನಡೆದದ್ದನ್ನೇ ಬರೆದೆವು. ಹಣ ಪೂರ್ತಿ ಕಟ್ಟಿದ ಚಲನ್ ಇಟ್ಟೆವು, ಹಿಂದಿನ ಸೇವೆಯಲ್ಲಿ ಯಾವ ದೂರೂ ಇಲ್ಲ ಅಂತ ತೋರಿಸಿದೆವು. ವಿಚಾರಣಾ ವರದಿಯ ಪ್ರತಿ ಕೊಟ್ಟು, ಉತ್ತರ ಪಡೆದ ಮೇಲೆಯೇ ಶಿಕ್ಷೆ ನಿರ್ಧರಿಸಬೇಕು. ಸುಪ್ರೀಂ ಕೋರ್ಟ್ 1993ರ ಕರುಣಾಕರ್ ತೀರ್ಪಿನಲ್ಲಿ ಗಟ್ಟಿ ಮಾಡಿದ ಹಕ್ಕು ಅದು. ವರದಿ ಕೊಡದೇ ಮುಂದೆ ಹೋಗಲು ಹೊರಟಿದ್ದರು, ಅಲ್ಲಿ ತಡೆದೆವು. ವೇತನ ಬಡ್ತಿ ತಡೆಹಿಡಿದರು, ನೌಕರಿ ಉಳಿಯಿತು.

"ತಪ್ಪು ಮಾಡಿದವನ ಪರ ಯಾಕ ನಿಂತ್ರಿ?" ಅಂತ ಸಂಘದ ಸಭೆಯಲ್ಲೇ ಕೆಲವರು ಕೇಳಿದರು. ನನ್ನ ಉತ್ತರ ಈಗಲೂ ಅದೇ. ತಪ್ಪಿಗೆ ತಕ್ಕ ಶಿಕ್ಷೆ ಆಗಲಿ, ಅದಕ್ಕಿಂತ ಹೆಚ್ಚು ಆಗಬಾರದು, ನಿಯಮ ಮೀರಿ ಆಗಬಾರದು. ಇವತ್ತು ಅವರ ವರದಿ ಕೊಡದೆ ಹೋದರೆ ನಾಳೆ ನಿರಪರಾಧಿಗೂ ಕೊಡಲ್ಲ, ಅಲ್ವಾ?

ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಗೆ ಹೋಗೋದು ಎಲ್ಲಕ್ಕಿಂತ ಕಷ್ಟ. ಆದರೂ ಹೋಗಲೇಬೇಕು. ಅನುಕಂಪದ ನೇಮಕಾತಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ದುಃಖದಲ್ಲಿರುವ ಕುಟುಂಬಕ್ಕೆ ಆ ವರ್ಷ ಹೇಗೆ ಕಳೆಯಿತು ಅಂತಲೇ ಗೊತ್ತಾಗಲ್ಲ. 2021ರ ತಿದ್ದುಪಡಿಯ ನಂತರ ಮದುವೆಯಾದ ಮಗಳಿಗೂ ಅವಕಾಶ ಇದೆ. ಇದನ್ನು ಹೇಳಿದಾಗ ಕೆಲವು ಮನೆಗಳಲ್ಲಿ ಹಿರಿಯರು ನಂಬೋದೇ ಇಲ್ಲ. ಆದೇಶದ ಪ್ರತಿ ಜೊತೆಗೇ ಒಯ್ಯುತ್ತೇನೆ. ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆ, ಗುಂಪು ವಿಮೆ, ರಜೆ ನಗದೀಕರಣದ ನಮೂನೆಗಳನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಅಧಿಕಾರಿಗಳ ಜೊತೆ ಹೇಗಿರಬೇಕು ಅಂತ ಹೊಸ ಪದಾಧಿಕಾರಿಗಳು ಕೇಳುತ್ತಾರೆ. ಗೌರವ ಕೊಡಿ, ಆದರೆ ಸ್ವಂತ ಕೆಲಸ ಕೇಳಬೇಡಿ. ನಿಮ್ಮ ವರ್ಗಾವಣೆ ಅವರ ಕೈಯಲ್ಲಿ ಇದ್ದಾಗ ಸದಸ್ಯರ ಪರ ಗಟ್ಟಿಯಾಗಿ ಮಾತಾಡೋದು ಆಗಲ್ಲ. ತಾಲ್ಲೂಕಿನಲ್ಲಿ ಬಗೆಹರಿಯದ್ದನ್ನು ಜಿಲ್ಲಾಧಿಕಾರಿಗಳ ಜಂಟಿ ಸಮಾಲೋಚನಾ ಸಭೆಗೆ ಒಯ್ಯಿರಿ, ನಡಾವಳಿಯಲ್ಲಿ ಬರೆಸಿರಿ. ಅಲ್ಲೂ ಆಗದಿದ್ದರೆ ಕೆಎಟಿಯ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ, ಬೆಳಗಾವಿ ಪೀಠ ಇದೆ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ಹೋಗಬೇಕೋ ಬೇಡವೋ ಅನ್ನೋದನ್ನು ಸದಸ್ಯರೇ ತೀರ್ಮಾನಿಸಲಿ. ಸೋತರೆ ಅದರ ಭಾರ ಹೊರೋದು ಅವರ ಮನೆ.

ಈಗ ಎರಡನೇ ಶನಿವಾರ ಸಂಘದ ಕಚೇರಿಯಲ್ಲಿ ಸೇವಾ ಪುಸ್ತಕದ ಜೆರಾಕ್ಸ್ ತರಲು ಹೇಳುತ್ತೇವೆ. ಪ್ರೊಬೇಷನ್ ಘೋಷಣೆ ಆಗಿದೆಯಾ, ನಾಮನಿರ್ದೇಶನ ಇದೆಯಾ, ಸಹಿ ತಪ್ಪಿದೆಯಾ ಅಂತ ಒಬ್ಬೊಬ್ಬರದ್ದೇ ಕೂತು ನೋಡುತ್ತೇವೆ. ಆ ದ್ವಿತೀಯ ದರ್ಜೆ ಸಹಾಯಕಿಯೂ ಬರುತ್ತಾರೆ. ಹೊಸದಾಗಿ ನೌಕರಿಗೆ ಸೇರಿದ ಹೆಣ್ಣುಮಕ್ಕಳ ಪುಟಗಳನ್ನು ಅವರೇ ನೋಡಿ, ಅರ್ಜಿಯನ್ನೂ ಅವರೇ ಬರೆಸುತ್ತಾರೆ. ಮುಂದಿನ ಚುನಾವಣೆಗೆ ನಿಲ್ಲಿ ಅಂತ ಅವರನ್ನು ಒಪ್ಪಿಸುತ್ತಿದ್ದೇನೆ.